ಒಂದು ಜೇನ್ನೊಣದ ಬೆಲೆ

1920ರಲ್ಲಿ ಬೀಜಿಂಗ್ ನಗರದಲ್ಲಿದ್ದ ಐವತ್ತಾರು ವಯಸ್ಸಿನ ಚಿತ್ರಕಾರರೊಬ್ಬರು ತಮ್ಮ ಚಿತ್ರಗಳಿಗೆ ದರಪಟ್ಟಿ ಬರೆದರು. ಹೂವಿನ ಚಿತ್ರಕ್ಕೆ ಹುಳವನ್ನೋ ಹಕ್ಕಿಯನ್ನೋ ಸೇರಿಸಬೇಕಾದರೆ ಒಂದೊಂದಕ್ಕೆ ಹತ್ತು ಯುವಾನ್ ಹೆಚ್ಚು. ವಿಸ್ಟೀರಿಯಾ ಬಳ್ಳಿಯ ಹೂಗೊಂಚಲಿಗೆ ಜೇನ್ನೊಣ ಬೇಕಾದರೆ ನೊಣವೊಂದಕ್ಕೆ ಇಪ್ಪತ್ತು ಯುವಾನ್. ಬೆಲೆ ಇಳಿಸಲು ಚೌಕಾಸಿ ಮಾಡುವವರು ಪರರಿಗೆ ನಷ್ಟ ಮಾಡಿ ತಾವು ಲಾಭ ಪಡೆಯುವವರು, ಅಂಥವರನ್ನು ಕಾಣಲು ತಮಗೆ ಸಂತೋಷವಿಲ್ಲ ಎಂಬ ಮಾತೂ ಆ ಪಟ್ಟಿಯಲ್ಲಿತ್ತು. ಆ ಚಿತ್ರಕಾರರ ಹೆಸರು ಚಿ ಬೈಷಿ.

ಕಲೆಯನ್ನು ಪವಿತ್ರವೆಂದು ತಿಳಿದವರಿಗೆ ಈ ಪಟ್ಟಿ ಮುಜುಗರ ಉಂಟುಮಾಡಬಹುದು. ತರಕಾರಿ ಅಂಗಡಿಯವನಂತೆ ನೊಣವನ್ನೂ ಲೆಕ್ಕ ಹಾಕಿ ಮಾರುವುದೇ ಎಂದು ಕೇಳಬಹುದು. ಆದರೆ ನಮಗೆ ಅದರಲ್ಲಿ ಬೇರೊಂದು ಅರ್ಥ ಕಾಣುತ್ತದೆ. ಒಂದು ನೊಣವನ್ನು ಬರೆಯುವುದು ಕೂಡ ಕೆಲಸ, ಅದಕ್ಕೂ ಕೂಲಿ ಇದೆ ಎಂದು ಹೇಳುವ ಧೈರ್ಯ ಆ ಪಟ್ಟಿಯಲ್ಲಿದೆ. ಅದನ್ನು ಹೇಳಿದವರು ಬಡಗಿಯಾಗಿ ಬದುಕು ಆರಂಭಿಸಿದ ಮನುಷ್ಯ ಎಂಬುದನ್ನು ನೆನೆದರೆ ಮಾತಿನ ತೂಕ ಇನ್ನೂ ಹೆಚ್ಚುತ್ತದೆ.

ಹೂವು ಮತ್ತು ಹುಳಗಳ ಮಸಿಚಿತ್ರ ಚೀನಾದಲ್ಲಿ ಸಾವಿರ ವರ್ಷಕ್ಕೂ ಮೀರಿದ ಪರಂಪರೆ. ಅಲ್ಲಿಯ ಚಿತ್ರಕಲೆಯನ್ನು ಮನುಷ್ಯರು, ಬೆಟ್ಟ-ನೀರು, ಹೂ-ಹಕ್ಕಿ ಎಂದು ಮೂರಾಗಿ ವಿಂಗಡಿಸುವ ರೂಢಿಯಿದೆ. ಹುಲ್ಲು ಮತ್ತು ಹುಳಗಳ ಚಿತ್ರ ಈ ಮೂರನೆಯ ಮನೆಯ ಒಂದು ಪುಟ್ಟ ಕೋಣೆ. ಅದರ ಮೇಲೆ ಬಹಳ ಕಾಲದಿಂದ ಒಂದು ಆಕ್ಷೇಪವೂ ಇದೆ: ಇದು ಅಲಂಕಾರದ ಕಲೆ, ಇದರಲ್ಲಿ ಮನುಷ್ಯನಿಲ್ಲ, ಅವನ ನೋವಿಲ್ಲ, ನಾಡು ಹೊತ್ತಿ ಉರಿಯುವಾಗ ಮಿಡತೆಯ ಮೀಸೆ ಬರೆಯುತ್ತ ಕೂರುವುದು ಪಲಾಯನವಲ್ಲವೆ? ಕನ್ನಡದಲ್ಲಿ ಕತೆ ಬರೆಯುವ ನಮಗೆ ಈ ಪ್ರಶ್ನೆ ಹೊಸದಲ್ಲ. ನಿಮ್ಮ ಕತೆಯ ಸಂದೇಶವೇನು, ಅದರಿಂದ ಸಮಾಜಕ್ಕೇನು ಪ್ರಯೋಜನ ಎಂದು ಕೇಳಿಸಿಕೊಳ್ಳದ ಕತೆಗಾರ ನಮ್ಮಲ್ಲಿ ಇರಲಿಕ್ಕಿಲ್ಲ. ಆದ್ದರಿಂದ ಚಿ ಬೈಷಿಯವರ ಹುಳಗಳನ್ನು ಈ ಪ್ರಶ್ನೆಯ ಎದುರಿಗೇ ಇಟ್ಟು ನೋಡುವುದು ನ್ಯಾಯ.

ಮೊದಲು ಈ ಕಲೆಯ ಸಾಮಗ್ರಿಯನ್ನು ಗಮನಿಸೋಣ. ಪೈನ್ ಮರದ ಅಥವಾ ಎಣ್ಣೆಯ ಕಾಡಿಗೆಯನ್ನು ಅಂಟಿನೊಡನೆ ಕಲಸಿ ಒಣಗಿಸಿದ ಮಸಿಯ ಕಡ್ಡಿ. ನಮ್ಮಲ್ಲಿ ಗಂಧ ತೇಯುವಂತೆ ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಪ್ರಾಣಿಗಳ ಕೂದಲಿನಿಂದ ಮಾಡಿದ, ತುದಿ ಚೂಪಾದ ಕುಂಚ. ಆನ್ಹುಯಿ ಪ್ರಾಂತ್ಯದ ಪ್ರಸಿದ್ಧ ಷ್ವಾನ್ ಕಾಗದ. ಈ ಕಾಗದ ಮಸಿಯನ್ನು ಹೀರುತ್ತದೆ, ಹರಡಿಸುತ್ತದೆ. ಒಮ್ಮೆ ಎಳೆದ ಗೆರೆಯನ್ನು ಅಳಿಸಲಾಗದು, ಅದರ ಮೇಲೆ ಬಣ್ಣ ಬಳಿದು ಮುಚ್ಚಲೂ ಆಗದು. ಬರೆಯುವ ಕುಂಚವೇ ಚಿತ್ರದ ಕುಂಚ, ಅಕ್ಷರದ ಮಸಿಯೇ ಚಿತ್ರದ ಮಸಿ. ಉರ್ದು ಶಾಲೆಯಲ್ಲಿ ಬಿದಿರಿನ ಕಲಮು ಹಿಡಿದು ಅಲಿಫ್ ಎಳೆಯಲು ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಕೈ ನಡುಗಿದರೆ ಅಲಿಫ್ ನಡುಗುತ್ತದೆ, ಉಸಿರು ತಪ್ಪಿದರೆ ಗೆರೆ ತಪ್ಪುತ್ತದೆ. ಉರ್ದುವಿನಲ್ಲಿ ಮಸಿಗೆ ಸಿಯಾಹಿ ಎಂಬ ಹೆಸರೂ ಇದೆ, ರೋಶನಾಯಿ ಎಂಬ ಹೆಸರೂ ಇದೆ. ಒಂದರಲ್ಲಿ ಕಪ್ಪಿದೆ, ಇನ್ನೊಂದರಲ್ಲಿ ಬೆಳಕಿದೆ. ಚೀನೀ ಚಿತ್ರಕಾರರ ಮಸಿಗೆ ಈ ಎರಡೂ ಹೆಸರು ಒಪ್ಪುತ್ತವೆ.

ಈ ಕಲೆಯಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಒಂದು ಗೋಂಗ್‌ಬಿ: ಕೂದಲೆಳೆಯಂಥ ಗೆರೆಗಳಿಂದ, ತಾಳ್ಮೆಯಿಂದ, ಪ್ರತಿ ವಿವರವನ್ನೂ ಕಾಣಿಸುವ ಬಗೆ. ಇನ್ನೊಂದು ಷಿಯೇಯಿ: ನಾಲ್ಕಾರು ಬೀಸುಗಳಲ್ಲಿ ಭಾವವನ್ನು ಹಿಡಿಯುವ ಬಗೆ. ಮೊದಲನೆಯದಕ್ಕೆ ದೊಡ್ಡ ಹೆಸರು ಹತ್ತನೆಯ ಶತಮಾನದ ಹುವಾಂಗ್ ಚ್ವಾನ್. ಶು ರಾಜ್ಯದ ಆಸ್ಥಾನ ಚಿತ್ರಕಾರನಾಗಿದ್ದ ಆತನ ಒಂದು ಸುರುಳಿ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಗುಬ್ಬಿ, ಆಮೆ, ಮಿಡತೆ, ಜೀರುಂಡೆ, ಕಣಜ ಹೀಗೆ ಇಪ್ಪತ್ತನಾಲ್ಕು ಜೀವಿಗಳು ಅದರಲ್ಲಿವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಹಿನ್ನೆಲೆಯಿಲ್ಲ, ಹುಲ್ಲುಕಡ್ಡಿಯೂ ಇಲ್ಲ. ಮೂಲೆಯಲ್ಲಿರುವ ಪುಟ್ಟ ಬರಹ ಗುಟ್ಟು ಬಿಡಿಸುತ್ತದೆ. ಅದು ಮಗ ಜೂಬಾವೋಗೆ ಅಭ್ಯಾಸಕ್ಕೆಂದು ಕೊಟ್ಟ ಹಾಳೆ. ಸಾವಿರ ವರ್ಷ ಉಳಿದುಬಂದದ್ದು ಅಪ್ಪ ಮಗನಿಗೆ ಬರೆದುಕೊಟ್ಟ ಪಾಠ ಎಂಬುದು ಎಷ್ಟು ಸೊಗಸಾದ ಸಂಗತಿ!

ಹುಳವನ್ನು ಬರೆಯಲು ಕಲಿಯುವುದೆಂದರೆ ಮೊದಲು ನೋಡಲು ಕಲಿಯುವುದು. ಹದಿಮೂರನೆಯ ಶತಮಾನದ ಲುವೋ ದಾಜಿಂಗ್ ಎಂಬ ಲೇಖಕ ಝೆಂಗ್ ವೂಯಿ ಎಂಬ ಚಿತ್ರಕಾರನ ವಿಷಯ ಬರೆದಿಟ್ಟಿದ್ದಾನೆ. ಆತ ಬಾಲ್ಯದಲ್ಲಿ ಹುಳಗಳನ್ನು ಹಿಡಿದು ಗೂಡಿನಲ್ಲಿಟ್ಟು ಹಗಲೂ ರಾತ್ರಿಯೂ ನೋಡುತ್ತಿದ್ದ. ಅಷ್ಟು ಸಾಲದೆಂದು ಹುಲ್ಲಿನ ನಡುವೆ ಹೋಗಿ ಅವುಗಳ ಬದುಕನ್ನು ಕಾಣುತ್ತಿದ್ದ. ಕುಂಚ ಹಿಡಿದ ಹೊತ್ತಿಗೆ ತಾನು ಹುಳವೋ, ಹುಳ ತಾನೋ ಎಂಬುದೇ ತಿಳಿಯದಾಗುತ್ತಿತ್ತಂತೆ. ಇದರ ಹಿಂದೆ, ತಾನು ಚಿಟ್ಟೆಯಾದ ಕನಸು ಕಂಡು ಎಚ್ಚೆತ್ತ ಝುವಾಂಗ್‌ಝಿಯ ಹಳೆಯ ಕತೆಯ ನೆರಳಿದೆ. ಆದರೆ ಮೊದಲು ಗೂಡು, ಆಮೇಲೆ ಹುಲ್ಲು, ಕೊನೆಗೆ ಕುಂಚ ಎಂಬ ಕ್ರಮವೇ ನಮಗೆ ಮುಖ್ಯ. ತತ್ವಜ್ಞಾನ ಬಂದಿರುವುದು ನೋಟದ ದುಡಿಮೆ ಮುಗಿದ ಮೇಲೆ.

ಚಿ ಬೈಷಿ ಹುಟ್ಟಿದ್ದು 1864ರ ಜನವರಿ 1ರಂದು, ಹುನಾನ್ ಪ್ರಾಂತ್ಯದ ಷಿಯಾಂಗ್‌ಟಾನ್ ಸೀಮೆಯ ಬಡ ರೈತ ಕುಟುಂಬದಲ್ಲಿ. ಚಳಿಗಾಲದ ಸಂಜೆಗಳಲ್ಲಿ ಅಜ್ಜ ಒಲೆಯ ಬೂದಿಯಲ್ಲಿ ಚಿಮಟದಿಂದ ಅಕ್ಷರ ಗೀಚಿ ಮೊಮ್ಮಗನಿಗೆ ಕಲಿಸಿದರು. ಶಾಲೆಯ ಓದು ಒಂದು ವರ್ಷವೂ ತುಂಬಲಿಲ್ಲ. ಮೈ ಸೊರಗಿದ ಹುಡುಗ ಗದ್ದೆ ಕೆಲಸಕ್ಕೆ ಆಗಲಾರ ಎಂದು ಬಡಗಿಯ ಬಳಿ ಬಿಟ್ಟರು. ಅಲ್ಲಿಂದ ಮರದ ಕೆತ್ತನೆ. ಇಪ್ಪತ್ತರ ಆಸುಪಾಸಿನಲ್ಲಿ, ಕೆಲಸಕ್ಕೆ ಹೋದ ಮನೆಯೊಂದರಲ್ಲಿ ಚಿತ್ರಕಲಿಕೆಯ ಹಳೆಯ ಕೈಪಿಡಿ ಕಣ್ಣಿಗೆ ಬಿತ್ತು. 'ಸಾಸಿವೆಕಾಳಿನ ತೋಟ' ಎಂಬ ಹೆಸರಿನ, 1679ರಲ್ಲಿ ಮೊದಲ ಭಾಗ ಅಚ್ಚಾದ ಆ ಪುಸ್ತಕವನ್ನು ಕಡ ತಂದು, ದೀಪದ ಬೆಳಕಿನಲ್ಲಿ ಪುಟಪುಟವನ್ನೂ ನಕಲು ಮಾಡಿಕೊಂಡರು. ಹೂ, ಹುಲ್ಲು, ಹುಳ ಬರೆಯುವ ಕ್ರಮ ಅದರ ನಂತರದ ಭಾಗಗಳಲ್ಲಿದೆ. 1889ರಲ್ಲಿ ಹು ಚಿನ್‌ಯುವಾನ್ ಎಂಬ ಸ್ಥಳೀಯ ವಿದ್ವಾಂಸರು ಶಿಷ್ಯನನ್ನಾಗಿ ಸ್ವೀಕರಿಸಿ ಗೋಂಗ್‌ಬಿ ಮಾರ್ಗ ಕಲಿಸಿದರು. ಚಿತ್ರ ಮಾರಿ ಅಕ್ಕಿ ತರಬಹುದು ಎಂಬುದು ಬಡಗಿಗೆ ಆಗ ಗೊತ್ತಾಯಿತು.

ಬೀಜಿಂಗಿಗೆ ಬಂದದ್ದು ಐವತ್ತು ದಾಟಿದ ಮೇಲೆ. ಊರಿನ ಕಡೆ ಸೈನಿಕರ ಹೊಡೆದಾಟ, ಡಕಾಯಿತರ ಕಾಟ. 1917ರಲ್ಲಿ ಒಮ್ಮೆ ಬಂದು ಹೋಗಿ, 1919ರಲ್ಲಿ ನೆಲೆಸಲೆಂದೇ ಮತ್ತೆ ಬಂದರು. ರಾಜಧಾನಿಯ ಗಿರಾಕಿಗಳಿಗೆ ಈ ಹಳ್ಳಿಗನ ಚಿತ್ರ ಹಿಡಿಸಲಿಲ್ಲ. ಹದಿನೇಳನೆಯ ಶತಮಾನದ ಬಾದಾ ಶಾನ್‌ರೆನ್ ಅವರ ಮಿತವಾದ, ತಣ್ಣಗಿನ ಶೈಲಿಯನ್ನು ಅನುಸರಿಸುತ್ತಿದ್ದ ಆ ಚಿತ್ರಗಳ ಬೆಲೆ ಇತರರ ಚಿತ್ರಗಳ ಅರ್ಧದಷ್ಟಿದ್ದರೂ ಕೊಳ್ಳುವವರು ಕಡಿಮೆ. ನಕಲನ್ನು ಬಿಟ್ಟು ನಿಮ್ಮದೇ ದಾರಿ ಹುಡುಕಿಕೊಳ್ಳಿ ಎಂದು ಒತ್ತಾಯಿಸಿದವರು ವಯಸ್ಸಿನಲ್ಲಿ ಕಿರಿಯರಾಗಿದ್ದ ಚಿತ್ರಕಾರ, ವಿದ್ವಾಂಸ ಚೆನ್ ಶಿಝೆಂಗ್. ಅರವತ್ತರ ಹೊಸ್ತಿಲಲ್ಲಿ ಚಿ ಬೈಷಿ ಶೈಲಿಯನ್ನು ಬದಲಿಸಿದರು. ಕಡು ಕೆಂಪು ಹೂ, ಕಪ್ಪು ಮಸಿಯ ಎಲೆ. 1922ರಲ್ಲಿ ಚೆನ್ ಈ ಚಿತ್ರಗಳನ್ನು ಟೋಕಿಯೋದ ಪ್ರದರ್ಶನಕ್ಕೆ ಒಯ್ದಾಗ ಅವು ಒಳ್ಳೆಯ ಬೆಲೆಗೆ ಮಾರಾಟವಾದವು. ಆಮೇಲೆ ಬೀಜಿಂಗೂ ತಿರುಗಿ ನೋಡಿತು. ಮರು ವರ್ಷವೇ ಚೆನ್ ತೀರಿಕೊಂಡರು.

ಚಿ ಬೈಷಿಯವರ ನಿಜವಾದ ಸಾಧನೆ ಇರುವುದು ಹುಳಗಳ ಚಿತ್ರದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಬೇರೆಬೇರೆಯಾಗಿ ಹರಿಯುತ್ತಿದ್ದ ಎರಡು ಮಾರ್ಗಗಳನ್ನು ಅವರು ಒಂದೇ ಹಾಳೆಯ ಮೇಲೆ ಎದುರುಬದುರು ನಿಲ್ಲಿಸಿದರು. ಎಲೆಯನ್ನು ದಪ್ಪ ಕುಂಚದಿಂದ ನಾಲ್ಕು ಬೀಸಿನಲ್ಲಿ ಮುಗಿಸುತ್ತಾರೆ. ಮಸಿ ಹರಡಿಕೊಂಡು ಅಂಚು ಒದ್ದೆಯಾಗಿಯೇ ಉಳಿದಂತೆ ಕಾಣುತ್ತದೆ. ಆ ಎಲೆಯ ಮೇಲೆ ಕುಳಿತ ಜೀರುಂಡೆಯ ರೆಕ್ಕೆಯಲ್ಲಾದರೋ ನರನರವನ್ನೂ ಎಣಿಸಬಹುದು. ರೆಕ್ಕೆಯ ಮೂಲಕ ಕೆಳಗಿನ ಮೈ ಕಾಣುತ್ತದೆ. ಮಿಡತೆಯ ಕಾಲಿನ ಮುಳ್ಳು, ಸೂರ್ಯನ ಕುದುರೆಯ ಮಡಚಿದ ಮುಂಗೈ, ಹಾರುವ ಜೇನ್ನೊಣದ ರೆಕ್ಕೆಯ ಮಬ್ಬು, ಎಲ್ಲವೂ ಅದರದರ ತೂಕದಲ್ಲಿವೆ. ಹೀರೇಕಾಯಿ ಬಳ್ಳಿ ಸಡಿಲವಾಗಿ ಇಳಿಬಿದ್ದಿದೆ, ಅದರ ಪಕ್ಕದ ಹುಳ ಮಾತ್ರ ಬಿಗಿಯಾಗಿದೆ. ಇದರಿಂದ ನಮ್ಮ ಕಣ್ಣಿಗೆ ಏನಾಗುತ್ತದೆ? ಇಡೀ ಚಿತ್ರ ಗೋಂಗ್‌ಬಿ ಆಗಿದ್ದರೆ ಹುಳ ವಿವರಗಳ ನಡುವೆ ಕಳೆದುಹೋಗುತ್ತಿತ್ತು. ಇಡೀ ಚಿತ್ರ ಷಿಯೇಯಿ ಆಗಿದ್ದರೆ ಅದು ಬರಿಯ ಮಸಿಯ ಚುಕ್ಕೆಯಾಗುತ್ತಿತ್ತು. ಈಗ ದೊಡ್ಡದು ಹಿಂದೆ ಸರಿದು, ಸಣ್ಣದು ಮುಂದೆ ಬಂದು ನಿಂತಿದೆ. ಕಾಲಡಿಯಲ್ಲಿ ನಾವು ಗಮನಿಸದೆ ದಾಟಿ ಹೋಗುವ ಜೀವಕ್ಕೆ ಚಿತ್ರದ ಅತ್ಯಂತ ಹೆಚ್ಚಿನ ಶ್ರಮ ಸಂದಿದೆ. ಇದು ತಂತ್ರದ ಮಾತಷ್ಟೇ ಅಲ್ಲ, ಮೌಲ್ಯದ ಮಾತು ಕೂಡ. ಹೊಲದಲ್ಲಿ ಬೆಳೆದವನ ಕಣ್ಣಿಗೆ ಮಾತ್ರ ಹೀಗೆ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬ ಲೆಕ್ಕ ಬುಡಮೇಲಾದೀತು.

ವಿದ್ವಾಂಸರ ಪರಂಪರೆಯಲ್ಲಿ ಬಿದಿರು, ಆರ್ಕಿಡ್, ಪ್ಲಮ್ ಹೂ, ಸೇವಂತಿಗೆಗಳಿಗೆ ಮೇಲ್ಜಾತಿಯ ಸ್ಥಾನ. ಈ ಬಡಗಿ ಎಲೆಕೋಸು, ಮೂಲಂಗಿ, ಹೀರೇಕಾಯಿ, ದೀಪದ ಬುಡದ ಇಲಿಗಳನ್ನು ಆ ಸಾಲಿಗೆ ತಂದು ಕೂರಿಸಿದರು. 1920ರಲ್ಲಿ ಬಾವೋಡಿಂಗ್ ಎಂಬಲ್ಲಿ ತಂಗಿದ್ದಾಗ ಕೋಣೆಯಲ್ಲಿ ಮೂರು ದಿನ ಕಳೆದರೂ ಹೋಗದ ಒಂದು ನೊಣವನ್ನು ಅಂಗೈಗಿಂತ ಚಿಕ್ಕ ಕಾಗದದಲ್ಲಿ ಬರೆದರು. ಅದು ಹೂವಿನ ಮೇಲಿನ ಜೇನ್ನೊಣವಲ್ಲ, ಎಲ್ಲರೂ ಓಡಿಸುವ ಮನೆನೊಣ. ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಬರೆದದ್ದು ಎಂದೂ ಅದರಲ್ಲಿ ನಮೂದಿಸಿದ್ದಾರೆ. ಪರವೂರಿನ ಒಂಟಿತನವನ್ನು ಒಂದು ನೊಣದ ಮೂಲಕ ಹೇಳಿದ ಇದಕ್ಕಿಂತ ಚಿಕ್ಕ ಕತೆ ಇದ್ದೀತೆ?

ಈ ಕಲೆಯ ದೌರ್ಬಲ್ಯಗಳನ್ನೂ ಹೇಳಬೇಕು. ಮೊದಲನೆಯದು ಸಂಕೇತಗಳ ಚಾಳಿ. ಚೀನೀ ಭಾಷೆಯಲ್ಲಿ ಚಿಟ್ಟೆಯ ಹೆಸರು ಮುಪ್ಪಿನ ವಯಸ್ಸನ್ನು ಸೂಚಿಸುವ ಪದದಂತೆ ಕೇಳಿಸುವುದರಿಂದ ಚಿಟ್ಟೆಯೆಂದರೆ ದೀರ್ಘಾಯುಷ್ಯ. ಮಿಡತೆಯೆಂದರೆ ತುಂಬು ಸಂತಾನ. ನೆಲದೊಳಗಿಂದ ಎದ್ದು ಬರುವ ಜೀರುಂಡೆಯೆಂದರೆ ಮರುಹುಟ್ಟು, ಶುದ್ಧಿ. ಹೀಗಾಗಿ ಎಷ್ಟೋ ಚಿತ್ರಗಳು ಹುಟ್ಟುಹಬ್ಬಕ್ಕೆ, ಮದುವೆಗೆ ಕೊಡುವ ಶುಭಾಶಯ ಪತ್ರಗಳಾಗಿ ಮುಗಿದುಹೋದವು. ಚಿಟ್ಟೆಯ ಅರ್ಥ ಮೊದಲೇ ಗೊತ್ತಿದ್ದರೆ ಅದರ ರೆಕ್ಕೆಯನ್ನು ನೋಡುವವರಾರು? ನಮ್ಮ ಕತೆಗಳಲ್ಲೂ ಈ ರೋಗವಿದೆ. ಕಣ್ಣೀರಿಡುವ ವಿಧವೆ, ಮೀಸೆ ತಿರುವುವ ಜಮೀನ್ದಾರ, ಅತ್ತರು ಪೂಸಿಕೊಂಡ ಒಳ್ಳೆಯ ಮನಸ್ಸಿನ ಸಾಬರು ಪುಟಕ್ಕೆ ಬಂದ ಕೂಡಲೇ ಓದುಗನಿಗೆ ಅವರ ಅರ್ಥ ತಿಳಿದುಬಿಡುತ್ತದೆ. ಮನುಷ್ಯ ಕಾಣುವುದೇ ಇಲ್ಲ.

ಎರಡನೆಯದು ಮಾರುಕಟ್ಟೆಯ ಒತ್ತಡ. ಬೇಡಿಕೆ ಇದ್ದುದನ್ನು ಚಿ ಬೈಷಿ ಮತ್ತೆ ಮತ್ತೆ ಬರೆದರು. ಕಣ್ಣು ಚೆನ್ನಾಗಿದ್ದಾಗಲೇ ಹುಳಗಳನ್ನು ಬರೆದಿಟ್ಟು, ಹೂ ಎಲೆಗಳನ್ನು ನಂತರ ತುಂಬಿಸುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. ಬೀಜಿಂಗ್ ಚಿತ್ರಕಲಾ ಅಕಾಡೆಮಿಯ ಸಂಗ್ರಹದಲ್ಲಿ ಇಂಥ ಹಾಳೆಗಳು ಹಲವಿವೆ. ಖಾಲಿ ಕಾಗದದ ಮೂಲೆಯಲ್ಲಿ ಒಂದೇ ಒಂದು ಹುಳ, ತನಗೆ ಬರಬೇಕಾದ ಹುಲ್ಲಿಗಾಗಿ ಕಾಯುತ್ತ ಕುಳಿತಿದೆ. ಈ ಪದ್ಧತಿಯಿಂದ ಕೆಲವು ಚಿತ್ರಗಳಲ್ಲಿ ಹುಳ ಎಲೆಯ ಮೇಲೆ ಕುಳಿತಂತೆ ಕಾಣದೆ ಅಂಟಿಸಿದಂತೆ ಕಾಣುತ್ತದೆ. ಎಲೆ ಅದರ ಭಾರಕ್ಕೆ ಬಾಗುವುದಿಲ್ಲ. ಒಳ್ಳೆಯ ಚಿತ್ರಕ್ಕೂ ಸಾಧಾರಣ ಚಿತ್ರಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ವಿಚಿತ್ರವೆಂದರೆ ಹುಲ್ಲು ಬಾರದೇ ಉಳಿದ ಆ ಖಾಲಿ ಹಾಳೆಗಳು ಎಷ್ಟೋ ಪೂರ್ಣ ಚಿತ್ರಗಳಿಗಿಂತ ಹೆಚ್ಚು ಜೀವಂತವಾಗಿವೆ.

ಈ ಖಾಲಿ ಜಾಗವೇ ಚೀನೀ ಚಿತ್ರದ ದೊಡ್ಡ ಶಕ್ತಿ. ಜಹಾಂಗೀರ್ ಬಾದಶಹನ ಆಸ್ಥಾನದ ಉಸ್ತಾದ್ ಮನ್ಸೂರ್ 1620ರಲ್ಲಿ ಕಾಶ್ಮೀರದ ಹೂಗಳನ್ನು ಬರೆದದ್ದು ನಮಗೆ ಗೊತ್ತು. ನೋಟದ ನಿಷ್ಠೆಯಲ್ಲಿ ಮನ್ಸೂರ್ ಯಾರಿಗೂ ಕಡಿಮೆಯಿಲ್ಲ. ಆದರೆ ಮೊಗಲ್ ಚಿತ್ರಕ್ಕೆ ಅಂಚು ಬೇಕು, ಅಂಚಿಗೆ ಬಳ್ಳಿ ಬೇಕು, ಬಳ್ಳಿಗೆ ಚಿನ್ನದ ರೇಖೆ ಬೇಕು. ಚೀನೀ ಚಿತ್ರಕಾರ ಕಾಗದವನ್ನು ಬರಿದಾಗಿ ಬಿಡುತ್ತಾನೆ. ನೋಡುವವರೇ ಅದನ್ನು ಗಾಳಿಯಾಗಿಯೋ ನೀರಾಗಿಯೋ ತುಂಬಿಕೊಳ್ಳಬೇಕು. 1951ರಲ್ಲಿ ಲೇಖಕ ಲಾವೋ ಶೆ ಹಳೆಯ ಕವಿ ಝಾ ಶೆನ್‌ಷಿಂಗ್‌ನ ಒಂದು ಸಾಲನ್ನು ಕೊಟ್ಟು ಚಿತ್ರ ಬರೆಯಲು ಕೇಳಿದರು. ಬೆಟ್ಟದ ತೊರೆಯಿಂದ ಬಹುದೂರಕ್ಕೆ ಕೇಳಿಬರುವ ಕಪ್ಪೆಯ ದನಿ ಆ ಸಾಲಿನ ವಿಷಯ. ದನಿಯನ್ನು ಚಿತ್ರಿಸುವುದು ಹೇಗೆ? ಎಂಬತ್ತೇಳು ವಯಸ್ಸಿನ ಮುದುಕರು ಕಪ್ಪೆಯನ್ನು ಬರೆಯಲೇ ಇಲ್ಲ. ಎರಡು ಬಂಡೆಗಳ ನಡುವೆ ಧುಮುಕುವ ತೊರೆ, ಅದರಲ್ಲಿ ತೇಲಿಬರುವ ಆರು ಗೊದಮೊಟ್ಟೆಗಳು, ಅಷ್ಟೆ. ಮರಿಗಳು ಇಲ್ಲಿದ್ದರೆ ತಾಯಿ ಮೇಲೆಲ್ಲೋ ಕೂಗುತ್ತಿರಬೇಕು. ಗಜಲಿನಲ್ಲಿ ಇಶಾರಾ ಎನ್ನುತ್ತೇವಲ್ಲ, ಇದು ಅದೇ. ಮಾತು ನಿಂತ ಕಡೆ ಅರ್ಥ ಶುರುವಾಗುತ್ತದೆ. ಚಿತ್ರದ ಸೊಗಸು ಇರುವುದು ಹೋಲಿಕೆ ಮತ್ತು ಹೋಲದಿರುವಿಕೆಗಳ ನಡುವೆ ಎಂದು ಅವರು ಹೇಳುತ್ತಿದ್ದರು. ತೀರಾ ಹೋಲಿಸಿದರೆ ಜನರನ್ನು ಮೆಚ್ಚಿಸುವ ಅಗ್ಗದ ಕಸುಬಾಗುತ್ತದೆ, ಹೋಲಿಕೆಯನ್ನೇ ಬಿಟ್ಟರೆ ಜನರಿಗೆ ಮಾಡುವ ಮೋಸವಾಗುತ್ತದೆ ಎಂಬುದು ಆ ಮಾತಿನ ತಾತ್ಪರ್ಯ. ಕತೆ ಬರೆಯುವವರೆಲ್ಲ ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದ ಮಾತು ಇದು.

ಈಗ ಪಲಾಯನದ ಪ್ರಶ್ನೆಗೆ ಬರೋಣ. ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. 1100ರಲ್ಲಿ ಪಟ್ಟಕ್ಕೆ ಬಂದ ಸೋಂಗ್ ವಂಶದ ಚಕ್ರವರ್ತಿ ಹ್ವೀಝೋಂಗ್ ಸ್ವತಃ ಹೂ-ಹಕ್ಕಿಗಳ ಅಪ್ರತಿಮ ಚಿತ್ರಕಾರ. ನವಿಲು ದಿಬ್ಬ ಹತ್ತುವಾಗ ಮೊದಲು ಎತ್ತುವುದು ಎಡಗಾಲನ್ನು ಎಂದು ತನ್ನ ಆಸ್ಥಾನದ ಚಿತ್ರಕಾರರ ತಪ್ಪು ಹಿಡಿದನೆಂಬ ಕತೆಯಿದೆ. ನವಿಲಿನ ಕಾಲನ್ನು ಕಂಡ ಕಣ್ಣು ಉತ್ತರದ ಗಡಿಯ ಅಪಾಯವನ್ನು ಸರಿಯಾಗಿ ಕಾಣಲಿಲ್ಲ. 1127ರಲ್ಲಿ ಜುರ್ಚೆನ್ನರು ರಾಜಧಾನಿಯಿಂದ ಅವನನ್ನು ಸೆರೆಯಾಗಿ ಒಯ್ದರು. 1135ರಲ್ಲಿ ಸೆರೆಯಲ್ಲೇ ಸತ್ತ. ಸೂಕ್ಷ್ಮವಾಗಿ ನೋಡಬಲ್ಲವನು ನ್ಯಾಯವಂತನೂ ಆಗಿರುತ್ತಾನೆ ಎಂದು ಯಾರಾದರೂ ಹೇಳಿದರೆ ಈ ಚಕ್ರವರ್ತಿ ಅಡ್ಡ ಬಂದು ನಿಲ್ಲುತ್ತಾನೆ.

ಆದರೆ ಇನ್ನೊಂದು ಸಾಕ್ಷಿಯೂ ಇದೆ. 1279ರಲ್ಲಿ ಸೋಂಗ್ ಸಾಮ್ರಾಜ್ಯ ಮಂಗೋಲರ ಕೈಗೆ ಪೂರ್ತಿ ಹೋದ ಮೇಲೆ ಚಿಯಾನ್ ಷ್ವಾನ್ ಎಂಬ ವಿದ್ವಾಂಸ ಹೊಸ ಆಳ್ವಿಕೆಯ ನೌಕರಿಗೆ ಹೋಗದೆ ಚಿತ್ರ ಮಾರಿ ಬದುಕಿದ. ಅವನ ಹೆಸರಿನಲ್ಲಿರುವ 'ಶರತ್ಕಾಲದ ಆರಂಭ' ಎಂಬ ಸುರುಳಿ ಈಗ ಅಮೆರಿಕದ ಡೆಟ್ರಾಯಿಟ್ ಸಂಗ್ರಹಾಲಯದಲ್ಲಿದೆ. ಬಾಡುತ್ತಿರುವ ತಾವರೆ ಎಲೆ, ಏರೋಪ್ಲೇನ್ ಚಿಟ್ಟೆಗಳು, ಕಪ್ಪೆ, ಹುಳಗಳು. ಅದನ್ನು ಬಿದ್ದುಹೋದ ರಾಜ್ಯದ ಚಿತ್ರವೆಂದು ಓದಿದ ವಿದ್ವಾಂಸರಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಸುಝೌ ಊರಿನ ವೆನ್ ಶು ಎಂಬ ಹೆಂಗಸು ಬೆಟ್ಟದ ತಪ್ಪಲಲ್ಲಿ ಸಂಸಾರ ಮಾಡಿಕೊಂಡು, ಅಲ್ಲಿಯ ಕಾಡುಹೂ ಚಿಟ್ಟೆಗಳನ್ನು ಬರೆದು ಮನೆಗೂ ಆಸರೆಯಾದಳು, ಇತರ ಹೆಂಗಸರಿಗೂ ಕಲಿಸಿದಳು. ಇವರಿಗೆ ಹುಳ ಹೂವುಗಳು ಆಸ್ಥಾನದ ವಿಲಾಸವಾಗಿರಲಿಲ್ಲ. ಅನ್ನವೂ ಆಗಿದ್ದವು, ಮಾನವೂ ಆಗಿದ್ದವು.

ಚಿ ಬೈಷಿಯವರ ಕಾಲದಲ್ಲೂ ಇದೇ ಪರೀಕ್ಷೆ ಎದುರಾಯಿತು. 1937ರಲ್ಲಿ ಜಪಾನೀಯರು ಬೀಜಿಂಗನ್ನು ಹಿಡಿದರು. ಅಧಿಕಾರಿಗಳು ಚಿತ್ರಕ್ಕಾಗಿ ಬಾಗಿಲಿಗೆ ಬರತೊಡಗಿದಾಗ 1940ರಲ್ಲಿ ಮುದುಕರು ಬಾಗಿಲಿಗೆ ಚೀಟಿ ಅಂಟಿಸಿದರು. ಚಿತ್ರ ಬೇಕಾದ ಅಧಿಕಾರಿಗಳು ಬೇರೆಯವರನ್ನು ಕಳುಹಿಸಿದರೆ ಸಾಕು, ಸಾಮಾನ್ಯರ ಮನೆಗೆ ಅಧಿಕಾರಿ ಕಾಲಿಟ್ಟರೆ ಮನೆಯವರಿಗೆ ಒಳ್ಳೆಯದಲ್ಲ ಎಂಬ ಅರ್ಥದ, ನಯವಾದ ಆದರೆ ಹರಿತವಾದ ಚೀಟಿ. ಮುಂದೆ ಚಿತ್ರ ಮಾರುವುದನ್ನೇ ನಿಲ್ಲಿಸಿದರು. ನೊಣವೊಂದಕ್ಕೆ ಇಪ್ಪತ್ತು ಯುವಾನ್ ಬಿಡದ ಮನುಷ್ಯ ಇಡೀ ಆದಾಯವನ್ನೇ ಬಿಟ್ಟರು. ದರಪಟ್ಟಿಯನ್ನೂ ಈ ಚೀಟಿಯನ್ನೂ ಜೊತೆಗಿಟ್ಟು ಓದಬೇಕು. ಎರಡೂ ಒಂದೇ ಕೈಯ ಬರಹ, ಒಂದೇ ಸ್ವಾಭಿಮಾನದ ಎರಡು ಮುಖ.

ಹೊಸ ಚೀನಾ ಅವರನ್ನು ಗೌರವಿಸಿತು. 1953ರಲ್ಲಿ ಜನತೆಯ ಕಲಾವಿದ ಎಂಬ ಬಿರುದು ಬಂತು. 1957ರ ಸೆಪ್ಟೆಂಬರ್ 16ರಂದು ಅವರು ತೀರಿಕೊಂಡರು. ಅವರ ನಂತರ ಏನಾಯಿತು ಎಂಬುದರಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, 1974ರಲ್ಲಿ, ಬೀಜಿಂಗಿನಲ್ಲಿ 'ಕಪ್ಪು ಚಿತ್ರ'ಗಳೆಂದು ಹಣೆಪಟ್ಟಿ ಹಚ್ಚಿ ಒಂದು ಪ್ರದರ್ಶನ ನಡೆಸಲಾಯಿತು. ಹುವಾಂಗ್ ಯೋಂಗ್‌ಯು ಬರೆದ ಗೂಬೆಯೊಂದು ಒಂದು ಕಣ್ಣು ಮುಚ್ಚಿದ್ದೇ ಸಮಾಜವಾದಕ್ಕೆ ಮಾಡಿದ ಅವಮಾನವಾಯಿತು. ಹಕ್ಕಿ ಹೂ ಹುಳಗಳಿಗೆ ರಾಜಕೀಯವಿಲ್ಲ ಎಂದು ಕಲೆಯ ವಿಮರ್ಶಕರು ಹೇಳಬಹುದು. ಸರಕಾರ ಹಾಗೆ ತಿಳಿಯಲಿಲ್ಲ. ಆಜ್ಞೆಗೆ ಸಿಗದೆ, ಘೋಷಣೆ ಕೂಗದೆ, ಒಂದು ಜೀವ ತನ್ನ ಪಾಡಿಗೆ ತಾನಿರುವುದನ್ನು ಅಧಿಕಾರ ಸಹಿಸಲಾರದು.

2017ರಲ್ಲಿ, ಚಿ ಬೈಷಿ 1925ರಲ್ಲಿ ಬರೆದ ಹನ್ನೆರಡು ಬೆಟ್ಟ-ನೀರಿನ ಫಲಕಗಳು ಬೀಜಿಂಗಿನ ಹರಾಜಿನಲ್ಲಿ 93.15 ಕೋಟಿ ಯುವಾನಿಗೆ ಹೋದವು. ಕೊಂಡವರಿಗೆ ಅದರ ಬೆಲೆ ಗೊತ್ತು. ನಮಗೆ ಮಾತ್ರ ಆ ಇಪ್ಪತ್ತು ಯುವಾನಿನ ಲೆಕ್ಕವೇ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಅದರಲ್ಲಿ ಎಷ್ಟು ದುಡಿಮೆಗೆ ಎಷ್ಟು ಕೂಲಿ ಎಂಬುದು ಸ್ಪಷ್ಟವಾಗಿತ್ತು.

ಆದ್ದರಿಂದ ಕಲಾವಿದ ಯಾವ ವಸ್ತುವನ್ನು ಆರಿಸಿಕೊಂಡ ಎಂದು ಕೇಳುವುದು ವಿಮರ್ಶೆಯ ಮೊದಲ ಪ್ರಶ್ನೆ ಆಗಬೇಕಾಗಿಲ್ಲ. ಹ್ವೀಝೋಂಗ್‌ನ ಹೂವೂ ಹೂವೇ, ಚಿಯಾನ್ ಷ್ವಾನ್‌ನ ಬಾಡಿದ ಎಲೆಯೂ ಎಲೆಯೇ. ಹೇಗೆ ನೋಡಿದ, ಯಾರ ಪಕ್ಕದಲ್ಲಿ ನಿಂತು ನೋಡಿದ, ಅದಕ್ಕಾಗಿ ಏನನ್ನು ಬಿಡಲು ಸಿದ್ಧನಾಗಿದ್ದ ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳ ಮುಂದೆ ಚಿ ಬೈಷಿಯವರ ಜೇನ್ನೊಣ ನಿಲ್ಲುತ್ತದೆ. ಸಂದೇಶ ಕೇಳುವ ನಮ್ಮ ಓದುಗರೂ ಸಂದೇಶ ಹೊತ್ತು ಸುಸ್ತಾದ ನಮ್ಮ ಕತೆಗಾರರೂ ಅದರ ರೆಕ್ಕೆಯನ್ನು ಸ್ವಲ್ಪ ಹೊತ್ತು ನೋಡುವುದು ಒಳ್ಳೆಯದು.